ಕೊಂದ ಮೇಲೆ ಉಳಿಯುವ ಬಾಕಿ

2019ರ ಕೊನೆ ಮತ್ತು 2020ರ ಮೊದಲ ತಿಂಗಳುಗಳಲ್ಲಿ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಸತ್ತರು. ಸತ್ತವರಲ್ಲಿ ಎಳೆಯ ಮಕ್ಕಳೂ ಇದ್ದರು. ಬೋನಿಟ್ಟು ಕಾಯುತ್ತ ಕೂತರೆ ಆಗದು, ಗುಂಡಿಕ್ಕಿ ಎಂಬ ಕೂಗು ಎದ್ದಿತು. ಇಂಥ ಹೊತ್ತಿನಲ್ಲಿ ಕೊಲ್ಲುವವನ ಮನಸ್ಸಿನ ಬಗ್ಗೆ ನಾವು ಆಡುವ ಮಾತು ಎರಡು ಬಗೆಯದು. ಮಗುವನ್ನು ತಿಂದ ಪ್ರಾಣಿಯನ್ನು ಹೊಡೆದವನಿಗೆ ಬೇಸರ ಯಾತಕ್ಕೆ, ಅವನು ಹೆಮ್ಮೆಪಡಲಿ ಎನ್ನುವುದು ಒಂದು. ಹೊಡೆದವನ ಕಣ್ಣಲ್ಲಿ ನೀರು ಬಂದರೆ ತಾನು ಮಾಡಿದ್ದು ತಪ್ಪೆಂದು ಅವನಿಗೇ ಗೊತ್ತಿದೆ, ಗೊತ್ತಿಲ್ಲವಾದರೆ ಅದು ಮೊಸಳೆ ಕಣ್ಣೀರು ಎನ್ನುವುದು ಇನ್ನೊಂದು. ಹೊಲಕ್ಕೆ ನುಗ್ಗುವ ಕಾಡುಹಂದಿಯ ವಿಷಯ ಬಂದಾಗಲೂ ಇವೇ ಮಾತು. ಮೇಲ್ನೋಟಕ್ಕೆ ಎದುರುಬದುರಾಗಿ ನಿಂತ ಇವೆರಡರ ಬುಡದಲ್ಲಿರುವ ನಂಬಿಕೆ ಒಂದೇ: ಕೊಂದ ಮೇಲೆ ಹುಟ್ಟುವ ಭಾವನೆಯೇ ತೀರ್ಪು, ನೋವಾದರೆ ಕೊಂದದ್ದು ತಪ್ಪು, ಆಗದಿದ್ದರೆ ಸರಿ. ಈ ನಂಬಿಕೆ ಹುಸಿ. ಸರಿಯಾದ ಕಾರಣಕ್ಕೆ ಕೊಂದವನಿಗೂ ನೋವಾಗಬಹುದು, ಆಗಲೂಬೇಕು. ಆ ನೋವು ಅವನನ್ನು ತಪ್ಪಿತಸ್ಥನನ್ನಾಗಿ ಮಾಡುವುದಿಲ್ಲ. ಅವನ ಕೈಯನ್ನು ತೊಳೆದುಬಿಡುವುದೂ ಇಲ್ಲ.

ಕನ್ನಡ ಓದುಗರಿಗೆ ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಪರಿಚಯವಾದ ಬೇಟೆಗಾರ ಜಿಮ್ ಕಾರ್ಬೆಟ್‌ನ ರುದ್ರಪ್ರಯಾಗದ ನರಭಕ್ಷಕ ಚಿರತೆಯ ಕತೆಯನ್ನು ತೆಗೆದುಕೊಳ್ಳಿ. 1918ರಿಂದ 1926ರವರೆಗೆ ಆ ಚಿರತೆ ಸರ್ಕಾರಿ ಲೆಕ್ಕದಲ್ಲೇ 125 ಜನರನ್ನು ಕೊಂದಿತ್ತು. ಯಾತ್ರೆಯ ದಾರಿಯಲ್ಲಿ ಕತ್ತಲಾದ ಮೇಲೆ ಬಾಗಿಲು ತೆರೆಯುವವರಿರಲಿಲ್ಲ. ಅದನ್ನು ಕೊಲ್ಲಬೇಕಿತ್ತೆ ಎಂಬ ಬಗ್ಗೆ ಕಾರ್ಬೆಟ್‌ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೂ ಕೊಂದು ಕೆಡವಿದ ಮೇಲೆ ಅವನು ಬರೆದದ್ದು ಗೆದ್ದವನ ಮಾತಿನಂತಿಲ್ಲ. ಮುಸುಡಿಯ ಕೂದಲು ನರೆತ, ಮೀಸೆಯೇ ಉಳಿಯದ ಒಂದು ಮುದಿ ಚಿರತೆ ಅವನಿಗೆ ಕಂಡಿತು. ಹಿಂಗಾಲಿನಲ್ಲಿ ಹಳೆಯ ಗುಂಡಿನ ಗಾಯ, ಅದೇ ಕಾಲಿನಲ್ಲಿ ಕಳೆದುಹೋದ ಬೆರಳ ತುಂಡು ಮತ್ತು ಉಗುರು, ತಲೆಯ ಮೇಲೆ ಅರ್ಧ ಮಾಗಿದ ಸೀಳುಗಳು. ಅದು ಮೀರಿದ್ದು ಮನುಷ್ಯನ ಕಾನೂನನ್ನು, ಪ್ರಕೃತಿಯ ಕಾನೂನನ್ನಲ್ಲ. ಕೊಂದದ್ದು ಬದುಕುವುದಕ್ಕಾಗಿ ಎಂಬುದು ಅವನ ಗ್ರಹಿಕೆ. ಮತ್ತೊಮ್ಮೆ ಅದೇ ಸಂದರ್ಭ ಬಂದಿದ್ದರೆ ಅವನು ಮತ್ತೆ ಗುಂಡು ಹಾರಿಸುತ್ತಿದ್ದ. ನಿರಾಳ, ದಣಿವು, ಮೆಚ್ಚುಗೆ, ದುಃಖ ಎಲ್ಲವೂ ಒಟ್ಟಿಗೇ ಇದ್ದವು, ಒಂದು ಇನ್ನೊಂದನ್ನು ಹೊಸಕಿಹಾಕಲಿಲ್ಲ. ಇದನ್ನು ಗೊಂದಲವೆನ್ನುವವರು ಮನಸ್ಸನ್ನು ತಕ್ಕಡಿಯಂತೆ ಕಲ್ಪಿಸಿಕೊಳ್ಳುತ್ತಾರೆ. ಒಂದು ತಟ್ಟೆ ಕೆಳಗಿಳಿದರೆ ಇನ್ನೊಂದು ಮೇಲೇಳಲೇಬೇಕು ಎಂದು ಅವರ ಎಣಿಕೆ.

ಇಲ್ಲಿ ಬೇರ್ಪಡಿಸಿ ನೋಡಬೇಕಾದ ಎರಡು ನೋವುಗಳಿವೆ, ನಮ್ಮ ಮಾತುಕತೆ ಸದಾ ಕಲಸುವುದು ಇವೆರಡನ್ನೇ. ಒಂದು ಪಶ್ಚಾತ್ತಾಪ. ಅದರ ಒಳಗಿರುವ ಮಾತು, ನಾನಿದನ್ನು ಮಾಡಬಾರದಿತ್ತು. ಅದು ಹಿಂದಕ್ಕೆ ಹೋಗಿ ಕೆಲಸವನ್ನೇ ಅಳಿಸಲು ಬಯಸುತ್ತದೆ. ಇನ್ನೊಂದನ್ನು ನಾನು ಬಾಕಿ ಎಂದು ಕರೆಯುತ್ತೇನೆ. ಅದರ ಒಳಗಿರುವ ಮಾತು, ಮಾಡಲೇಬೇಕಿತ್ತು, ಮಾಡಿದೆ, ಆದರೆ ಮಾಡಿದ್ದರಿಂದ ಎಲ್ಲ ಚುಕ್ತಾ ಆಗಲಿಲ್ಲ. ಇಂಗ್ಲೆಂಡಿನ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1965ರ ಒಂದು ಪ್ರಬಂಧದಲ್ಲಿ ಇದನ್ನು ಬಿಡಿಸಿ ತೋರಿಸಿದ. ಎರಡು ಕರ್ತವ್ಯಗಳು ಡಿಕ್ಕಿ ಹೊಡೆದಾಗ ಹೆಚ್ಚಿನದನ್ನು ಪಾಲಿಸಿದರೆ ಕಡಿಮೆಯದು ಸುಳ್ಳಾಗುವುದಿಲ್ಲ, ಈಡೇರದೆ ಉಳಿಯುತ್ತದೆ ಎಂಬುದು ಅವನ ವಾದದ ತಿರುಳು. ನಮಗೆ ಇದು ಹೊಸದೇನೂ ಆಗಬೇಕಿಲ್ಲ. ಯುದ್ಧಕ್ಕೆ ಮುಂಚಿನ ಅರ್ಜುನನ ವಿಷಾದವನ್ನು ಎಲ್ಲರೂ ಹೇಳುತ್ತಾರೆ, ಅದಕ್ಕೆ ಕೃಷ್ಣನ ಉತ್ತರ ಸಿದ್ಧವಾಗಿರುವುದರಿಂದ. ಯುದ್ಧ ಮುಗಿದ ಮೇಲಿನ ಧರ್ಮರಾಯನನ್ನು ಹೇಳುವವರು ಕಡಿಮೆ. ಯುದ್ಧ ಧರ್ಮ್ಯವೆಂದು ತಮ್ಮಂದಿರು, ವ್ಯಾಸ, ಕೃಷ್ಣ ಎಲ್ಲರೂ ಶಾಂತಿಪರ್ವದಲ್ಲಿ ಹೇಳಿದರೂ ಅವನ ಅಳಲು ಸುಲಭಕ್ಕೆ ಇಳಿಯುವುದಿಲ್ಲ. ಹೇಳಿದವರ ಮಾತು ತಪ್ಪಾಗಿರಲಿಲ್ಲ. ಅವನ ಅಳಲೂ ತಪ್ಪಾಗಿರಲಿಲ್ಲ.

ಬೇಟೆಗೆ ಸಂಬಂಧಿಸಿ ಈ ಬಾಕಿಯ ಅರಿವು ನಮ್ಮ ನಾಡಿನಲ್ಲಿ ಎಷ್ಟು ಹಳೆಯದು ಎನ್ನುವುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಕಾಲ ಕ್ರಿ.ಶ. 949–50. ಚರಿತ್ರೆ ಓದುವವರು ತಕ್ಕೋಲದ ಯುದ್ಧದ ಸುದ್ದಿಗಾಗಿ ಅದನ್ನು ನೆನೆಯುತ್ತಾರೆ, ನನಗೆ ಬೇಕಾದದ್ದು ಅದರಲ್ಲಿರುವ ಬೇಟೆಯ ಸಂಗತಿ. ಗಂಗರ ಬೂತುಗನ ಕಡೆಯ ವೀರ ಮಣಲೆರ ತನ್ನ ಒಡೆಯನಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಬೆಳ್ತೂರಿನ ಪಡುವಣ ಮೊರಡಿಯಲ್ಲಿ ಅದನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಕಾದಾಡಿ ಸತ್ತವು. ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಒಂದರ ಮೇಲೊಂದು ಬಿದ್ದು ಸೆಣಸುತ್ತಿವೆ. ಅಲ್ಲಿಯವರೆಗೆ ಇದು ವೀರಗಲ್ಲು. ಆದರೆ ಈ ಏರ್ಪಾಟನ್ನು ಕೆಡಿಸಿದವರಿಗೆ ತಟ್ಟುತ್ತದೆ ಎಂದು ಶಾಸನ ಹೇಳುವುದು ಯಾವ ಪಾಪ? ಆ ನಾಯಿ ಮಾಡಿದ ಪಾಪ. ಯಾವ ಕೊಲೆಗಾಗಿ ಕಲ್ಲು ನಿಲ್ಲಿಸಿ ಪೂಜೆ ಏರ್ಪಡಿಸಿದರೋ ಅದೇ ಕೊಲೆಯನ್ನು, ಅದೇ ಕಲ್ಲಿನ ಮೇಲೆ, ಪಾಪವೆಂದು ಕೊರೆದಿದ್ದಾರೆ.

ಶಾಪವಾಕ್ಯಗಳು ಅಭ್ಯಾಸದ ಮಾತು, ಅದರಲ್ಲಿ ತತ್ತ್ವ ಹುಡುಕಬಾರದು ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಅಭ್ಯಾಸದ ಶಾಪ ಬೇರೆಯೇ ಇದೆ. ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ಎಂದೇ ನಮ್ಮ ಶಾಸನಗಳು ಸಾಮಾನ್ಯವಾಗಿ ಬೆದರಿಸುತ್ತವೆ. ಅದನ್ನು ಬಿಟ್ಟು ಈ ನಾಯಿಯ ಪಾಪವನ್ನು ಹೆಸರಿಸಬೇಕಾದರೆ, ಹಂದಿಯ ಸಾವಿಗೆ ಲೆಕ್ಕ ಬಾಕಿಯಿದೆ ಎಂದು ಬರೆಸಿದವರ ಮನಸ್ಸಿನಲ್ಲಿ ಇದ್ದಿರಲೇಬೇಕು. ಪೂಜೆ ನಡೆದಷ್ಟು ದಿನ ಆ ಪಾಪ ಯಾರ ಮೇಲೂ ಇಳಿಯದೆ ತಡೆದು ನಿಲ್ಲುತ್ತದೆ. ಮರೆತರೆ ಮರೆತವನ ತಲೆಗೆ ಬರುತ್ತದೆ. ಕೊಡಗಿನ ನರಿ ಮಂಗಲದಲ್ಲೂ, ಅಂದರೆ ಹುಲಿ ಮದುವೆಯಲ್ಲೂ, ಇಂಥದೇ ಒಂದು ತಿಳಿವಳಿಕೆ ಇದೆ. ಹುಲಿ ಕೊಂದವನನ್ನು ಮದುಮಗನಂತೆ ಸಿಂಗರಿಸಿ, ಸತ್ತ ಹುಲಿಯ ಪಕ್ಕದಲ್ಲಿ ಕೂರಿಸಿ, ಬಂಧುಗಳು ಅಕ್ಕಿ ಹಾಕಿ ಹರಸುತ್ತಿದ್ದರು. ಬರೀ ಗೆಲುವಿನ ಮೆರವಣಿಗೆಗೆ ಮದುವೆಯ ಶಾಸ್ತ್ರ ಬೇಕಿರಲಿಲ್ಲ. ಕೊಂದ ಪ್ರಾಣಿಯೊಡನೆ ಕೊಂದವನಿಗೆ ಬಿಡಿಸಿಕೊಳ್ಳಲಾಗದ ನಂಟು ಬಿತ್ತು ಎಂಬುದನ್ನು ಊರೇ ಕೂಡಿ ಒಪ್ಪುವ ರೀತಿ ಅದು ಎಂದು ನಾನು ಓದುತ್ತೇನೆ.

ಸ್ಪೇನಿನ ತತ್ತ್ವಜ್ಞಾನಿ ಒರ್ತೆಗಾ ಇ ಗಾಸೆತ್‌ನನ್ನು ನಾನು ಒಪ್ಪದಿರುವುದು ಈ ಕಾರಣಕ್ಕೇ. ಕೌಂಟ್ ಯೇಬೆಸ್‌ನ ಬೇಟೆ ಪುಸ್ತಕಕ್ಕೆ ಅವನು 1942ರಲ್ಲಿ ಬರೆದ ಮುನ್ನುಡಿ ಬೇಟೆಯ ತತ್ತ್ವಶಾಸ್ತ್ರದಲ್ಲಿ ಬಹಳ ಹೆಸರಾದದ್ದು. ಒಳ್ಳೆಯ ಬೇಟೆಗಾರನಿಗೆ ಕೊಲ್ಲುವ ಮುನ್ನ ಅಂತಃಸಾಕ್ಷಿ ಚುಚ್ಚುತ್ತದೆ ಎಂದು ಅವನು ಗುರುತಿಸಿದ್ದು ನಿಜ, ಆ ಗಮನಿಕೆಗೆ ಬೆಲೆಯಿದೆ. ಆದರೆ ಅವನ ಪ್ರಕಾರ ಬೇಟೆಗಾರ ಕೊಲ್ಲಲೆಂದು ಬೇಟೆಯಾಡುವುದಿಲ್ಲ, ಬೇಟೆ ಪೂರ್ತಿಯಾಗಲೆಂದು ಕೊಲ್ಲುತ್ತಾನೆ. ಸಾವು ಆಟಕ್ಕೆ ಸತ್ಯದ ಮೆರುಗು ಕೊಡುವ ವಸ್ತುವಾಯಿತು, ಅಂತಃಸಾಕ್ಷಿಯ ಚುಚ್ಚುವಿಕೆ ಆಟದ ರುಚಿ ಹೆಚ್ಚಿಸುವ ಒಗ್ಗರಣೆಯಾಯಿತು. ಬಿಡುವಿದ್ದವರ ವಿಹಾರಕ್ಕೆ ಇದು ತತ್ತ್ವದ ಉಡುಪು ತೊಡಿಸುತ್ತದೆ. ಬಾಕಿ ಉಳಿಯಬೇಕಾದರೆ ಎದುರಿಗೆ ಒಂದು ಕರ್ತವ್ಯ ಇರಬೇಕು, ಕೊಲ್ಲದೆ ಬೇರೆ ದಾರಿ ಮುಚ್ಚಿರಬೇಕು. ತಾನೇ ಹುಡುಕಿಕೊಂಡು ಹೋಗಿ, ಬೇಡದಿದ್ದರೂ ಕೊಂದವನಿಗೆ ಉಳಿಯುವುದು ಬಾಕಿಯಲ್ಲ, ಬರೀ ತಪ್ಪು. ಅವನಿಗೆ ಸಲ್ಲುವುದು ಪಶ್ಚಾತ್ತಾಪ ಮಾತ್ರ.

ಈ ಗೆರೆಯನ್ನು ನಮ್ಮಲ್ಲಿ ಜೈನರಷ್ಟು ಖಚಿತವಾಗಿ ಎಳೆದವರಿಲ್ಲ. ಗೃಹಸ್ಥನ ಹಿಂಸೆಯನ್ನು ಅವರು ನಾಲ್ಕಾಗಿ ವಿಂಗಡಿಸುತ್ತಾರೆ: ಅಡುಗೆ ಮುಂತಾದ ಮನೆವಾರ್ತೆಯಲ್ಲಿ ಆಗುವುದು, ಕಸುಬಿನಲ್ಲಿ ಆಗುವುದು, ಮೇಲೆ ಬಿದ್ದವರನ್ನು ಎದುರಿಸುವಾಗ ಆಗುವುದು, ಕೊಲ್ಲಬೇಕೆಂದೇ ಸಂಕಲ್ಪಿಸಿ ಮಾಡುವುದು. ಗೃಹಸ್ಥ ಪೂರ್ತಿ ಬಿಡಲೇಬೇಕಾದದ್ದು ಕೊನೆಯದನ್ನು. ಜನ್ನನ ಯಶೋಧರ ಚರಿತೆ (1209) ಈ ಸಂಕಲ್ಪದ ಭಾರವನ್ನೇ ಕತೆಯಾಗಿಸಿದೆ: ಬಲಿ ಕೊಟ್ಟದ್ದು ಹಿಟ್ಟಿನ ಕೋಳಿ, ಆದರೂ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಆದರೆ ಮೇಲೆ ಬಿದ್ದದ್ದನ್ನು ಎದುರಿಸುವ ಹಿಂಸೆಯನ್ನೂ ಜೈನರು ಹಿಂಸೆಯೆಂದೇ ಕರೆದರು, ಅಹಿಂಸೆಯ ಪಟ್ಟಿಗೆ ಸೇರಿಸಲಿಲ್ಲ ಎಂಬುದನ್ನು ಗಮನಿಸಬೇಕು. ಬಾಕಿ ಇರುವುದು ಅಲ್ಲಿಯೇ.

ಒಳಗಿನ ನೋವನ್ನು ಯಾರು ಅಳೆಯುತ್ತಾರೆ, ಎಲ್ಲರೂ ಬಾಕಿಯ ಮಾತಾಡಿ ತಪ್ಪಿಸಿಕೊಳ್ಳಬಹುದಲ್ಲ ಎಂಬುದು ಗಟ್ಟಿಯಾದ ಆಕ್ಷೇಪ. ನಿಜ, ಕಣ್ಣೀರು ಸಾಕ್ಷಿಯಾಗದು. ಆದರೆ ಬಾಕಿ ಒಪ್ಪಿದವನು ಮುಂದೆ ಏನು ಮಾಡುತ್ತಾನೆ ಎಂಬುದು ಹೊರಗೆ ಕಾಣುತ್ತದೆ. ಗಾಯಗೊಂಡ ಪ್ರಾಣಿಯನ್ನು ಪೊದೆಯಲ್ಲಿ ನರಳಲು ಬಿಟ್ಟು ಬರುವುದಿಲ್ಲ, ಜೀವಕ್ಕೆ ಅಪಾಯವಿದ್ದರೂ ಹಿಂಬಾಲಿಸುತ್ತಾನೆ. ಹೆಣದ ಮುಂದೆ ಮೀಸೆ ತಿರುವುವುದಿಲ್ಲ. ಇನ್ನೊಮ್ಮೆ ಕೊಲ್ಲುವ ಸಂದರ್ಭವೇ ಬಾರದಿರಲಿ ಎಂದು ದುಡಿಯುತ್ತಾನೆ. ಕಾರ್ಬೆಟ್ ಹುಲಿಗಳ ಉಳಿವಿಗಾಗಿ ಮಾತಾಡಿದ್ದು, ತೇಜಸ್ವಿ ಕೋವಿಯ ಜಾಗದಲ್ಲಿ ಕ್ಯಾಮೆರಾ ಹಿಡಿದದ್ದು ಈ ದಿಕ್ಕಿನವು.

ಇನ್ನು ನಮ್ಮ ಪಾಲಿನ ಪ್ರಶ್ನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನಂತೆ, ಚಿರತೆ ಮನುಷ್ಯರ ಜೀವಕ್ಕೆ ಅಪಾಯವಾಗಿದ್ದು, ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆ ಬಿಡಲು ಆಗದು ಎಂದು ಖಾತ್ರಿಯಾದರೆ ಮಾತ್ರ ಕೊಲ್ಲಲು ಅನುಮತಿ ಸಿಗುತ್ತದೆ. ಆದೇಶ ಲಿಖಿತವಾಗಿರಬೇಕು, ಕಾರಣ ಹೇಳಿರಬೇಕು. ಕೊಲ್ಲುವ ಮುಂಚಿನ ವಿವೇಕವನ್ನು ಕಾನೂನು ಇಷ್ಟು ಜೋಪಾನ ಮಾಡಿದೆ. ಕೊಂದ ಮೇಲಿನದು ಮಾತ್ರ ಗುಂಡು ಹಾರಿಸಿದ ಒಬ್ಬ ನೌಕರನ ಎದೆಯಲ್ಲಿ ಉಳಿಯುತ್ತದೆ. ನಗರದ ಬಡಾವಣೆಯಲ್ಲಿ ಕೂತು ಗುಂಡಿಕ್ಕಿ ಎಂದವರಿಗೂ, ಬೇಡ ಎಂದವರಿಗೂ ಅದರ ಬಿಸಿ ತಟ್ಟುವುದಿಲ್ಲ. ಅವನು ಕೊಂದದ್ದು ನಮ್ಮ ಪರವಾಗಿ. ಬಾಕಿಯಲ್ಲೂ ನಮಗೆ ಪಾಲಿದೆ. ಆದ್ದರಿಂದ ಕೊಲ್ಲುವ ಆದೇಶ ಜಾರಿಯಾದ ಕಡೆ ಸತ್ತ ಪ್ರಾಣಿಯ ಮರಣೋತ್ತರ ಪರೀಕ್ಷೆಯ ವರದಿಯನ್ನು ಅದೇ ಊರಿನ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿಸಬೇಕು: ವಯಸ್ಸೆಷ್ಟು, ಹಲ್ಲು ಸವೆದಿತ್ತೆ, ಹೊಟ್ಟೆಯಲ್ಲಿ ಏನಿತ್ತು, ಹಂದಿಗೆಂದು ನಾವೇ ಒಡ್ಡಿದ ಉರುಳಿನ ಗಾಯ ಕುತ್ತಿಗೆಯಲ್ಲೋ ಕಾಲಲ್ಲೋ ಇತ್ತೆ. ಮಕ್ಕಳನ್ನು ಕಳೆದುಕೊಂಡ ಮನೆಯವರಿಗೆ ಇದನ್ನು ಕೇಳಿಸಿಕೊಳ್ಳುವ ಹೊರೆ ಬೇಡ. ಉಳಿದ ನಾವೆಲ್ಲ ಅಲ್ಲಿ ಕೂರಬೇಕು.