ತಾನಾಗಿ ಸತ್ತ ಸರ್ಪ

ಪ್ರಾಣಿಶಾಸ್ತ್ರವನ್ನು ಓದುತ್ತಿರುವ ಶ್ರಾವಕಕುಮಾರನೊಬ್ಬನು, ತಾನಾಗಿ ಸತ್ತ ಹಾವು, ಉಡಗಳನ್ನು ತಂದು, ಚರ್ಮ ಸುಲಿದು ಹದಗೊಳಿಸಿ, ಒಳಗೆ ತುಂಬಿ, ಜೀವಂತವಾಗಿರುವಂತೆ ನಿಲ್ಲಿಸಿಡಲು ಬಯಸಿದರೆ ಅವನ ಅಹಿಂಸಾಣುವ್ರತಕ್ಕೆ ಬಾಧೆಯುಂಟೆ? ಟ್ಯಾಕ್ಸಿಡರ್ಮಿ ಎಂಬ ಈ ವಿದ್ಯೆಯ ಪರವಾಗಿ ಅವನು ಆಡುವ ಮಾತು ದುರ್ಬಲವಾದುದಲ್ಲ. ಜೀವವು ಗತ್ಯಂತರಕ್ಕೆ ಹೋಯಿತು, ಉಳಿದುದು ಪುದ್ಗಲ. ಪ್ರಮಾದದಿಂದ ಪ್ರಾಣಘಾತ ಮಾಡುವುದೇ ಹಿಂಸೆಯಾದರೆ, ಪ್ರಾಣವೇ ಇಲ್ಲದ ಕಳೇಬರದಲ್ಲಿ ಯಾವ ಹಿಂಸೆ?

ಇದಕ್ಕೆ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮೊದಲೇ ಉತ್ತರವಿತ್ತಿದ್ದಾರೆ. ತಾನಾಗಿ ಸತ್ತ ಎಮ್ಮೆ, ಎತ್ತುಗಳ ಮಾಂಸದಲ್ಲಿಯೂ, ಅದನ್ನಾಶ್ರಯಿಸಿದ ನಿಗೋದ ಜೀವಗಳ ಮರ್ದನದಿಂದ ಹಿಂಸೆಯಾಗುವುದೆಂಬುದು ಅವರ ಅಭಿಪ್ರಾಯ. ಅಲ್ಲಿನ ಪ್ರಸಂಗ ಮಾಂಸಭಕ್ಷಣೆಯದು, ನಿಜ. ಆದರೆ ಅದೇ ಮಾಂಸವನ್ನು ಚರ್ಮದಿಂದ ಕೆರೆದು ತೆಗೆಯುವ ಕೈಗೆ ಈ ಮಾತು ಅನ್ವಯಿಸದೆನ್ನಲು ನನಗೆ ಕಾರಣ ಕಾಣದು.

ಇನ್ನು ಕಾಪಿಡುವ ಬಗೆಯನ್ನು ನೋಡೋಣ. ಒಣಗಿದ ಚರ್ಮವು ದುಂಬಿಯ ಜಾತಿಯ ಕೆಲವು ಹುಳುಗಳಿಗೆ ಆಹಾರ. ಅವನ್ನು ತಡೆಯಲೆಂದೇ 18ನೆಯ ಶತಮಾನದಲ್ಲಿ ಬೆಕರ್ ಎಂಬ ಫ್ರೆಂಚ್ ಕುಶಲಿಯು ಪಾಷಾಣ ಬೆರೆಸಿದ ಸಾಬೂನನ್ನು ಕಂಡುಹಿಡಿದನು. ಬಹುಕಾಲ ಅದನ್ನೇ ಚರ್ಮದ ಒಳಮೈಗೆ ಬಳಿಯುತ್ತಿದ್ದರು. ಅಸ್ಥಿಪಂಜರ ಬೇಕಾದರೆ ವಸ್ತುಸಂಗ್ರಹಾಲಯಗಳಲ್ಲಿ ಅದೇ ಹುಳುಗಳನ್ನು ಸಾಕಿ, ಅವುಗಳಿಂದ ಮಾಂಸವನ್ನು ತಿನ್ನಿಸುವುದೂ ಉಂಟು. ಸರ್ಪವೇನೋ ಆಯುಷ್ಯ ತೀರಿ ಸತ್ತಿತು. ಅದರ ಚರ್ಮದ ರಕ್ಷಣೆಗಾಗಿ ವರ್ಷವರ್ಷವೂ ಸಾಯುವ ಕೀಟಗಳು ತಾವಾಗಿ ಸತ್ತವೆ? ವಿಷವನ್ನು ಪರರಿಗೆ ಕೊಡುವುದನ್ನೇ ಹಿಂಸಾದಾನವೆಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಅನಾವಶ್ಯಕವಾದೊಂದು ವಸ್ತುವಿಗಾಗಿ ಅದನ್ನು ಮನೆಯಲ್ಲಿಯೇ ಬಳಸುವುದು ಹೇಗೆ ಶೋಭಿಸೀತು?

ಅಚೌರ್ಯಾಣುವ್ರತವೂ ಇಲ್ಲಿ ಅಡ್ಡಬರುತ್ತದೆಂಬುದನ್ನು ಅನೇಕರು ಗಮನಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ, ಸತ್ತು ಬಿದ್ದಿರುವ ವನ್ಯಪ್ರಾಣಿಯೂ ಸರ್ಕಾರದ ಸ್ವತ್ತು. ಉಡ, ಹೆಬ್ಬಾವುಗಳು ಅದರ ಪ್ರಥಮ ಅನುಸೂಚಿಯಲ್ಲಿವೆ. ರಸ್ತೆಯ ಬದಿಯಲ್ಲಿ ಬಿದ್ದುದನ್ನು ಕೇಳದೆ ಎತ್ತಿ ತಂದರೆ ಅದು ಅದತ್ತಾದಾನವೇ. ಹಣ ಕೊಟ್ಟು ಕೊಳ್ಳುವುದಂತೂ ಇನ್ನೂ ಹೀನ. ತಾನಾಗಿ ಸತ್ತಿತೆಂದು ಮಾರುವವನು ಹೇಳುತ್ತಾನೆ. ಸತ್ತ ಹಾವು ಸಾಕ್ಷಿ ಹೇಳುವುದಿಲ್ಲ. ಬೆಲೆ ದೊರೆಯುವುದೆಂದು ತಿಳಿದ ಮೇಲೆ ಮುಂದಿನ ಹಾವು ತಾನಾಗಿ ಸಾಯುವವರೆಗೆ ಅವನು ಕಾದಾನೆಯೆ? ಕೃತವಲ್ಲದಿದ್ದರೂ ಕಾರಿತ, ಅನುಮೋದನೆಗಳಿಂದ ಕೊಂಡವನು ಪಾರಾಗಲಾರನು.

ಜನ್ನನ ಯಶೋಧರ ಚರಿತೆಯನ್ನು ಬಲ್ಲವರಿಗೆ ಹಿಟ್ಟಿನ ಕೋಳಿಯ ಕಥೆಯನ್ನು ನೆನಪಿಸಬೇಕಾಗಿಲ್ಲ. ಅದರಲ್ಲಿಯೂ ಪ್ರಾಣವಿರಲಿಲ್ಲ, ಭವಭವಗಳಲ್ಲಿ ತೊಳಲಿಸಿದ್ದು ಭಾವ. ನಡುಮನೆಯ ಗಾಜಿನ ಪೆಟ್ಟಿಗೆಯಲ್ಲಿ ಹೆಡೆಯೆತ್ತಿ ನಿಂತ ನಾಗರವು ಬಂದವರೆದುರು ಯಾರ ಮಾನಕಷಾಯವನ್ನು ಬೆಳೆಸುತ್ತದೆಂಬುದನ್ನು ತರುಣನೇ ವಿಚಾರಿಸಿಕೊಳ್ಳಲಿ.

ಜ್ಞಾನಾರ್ಜನೆಯ ಮಾತು ಬೇರೆ. ಶಾಲೆಯ ಹಳೆಯ ಜಾಡಿಯಲ್ಲಿ ಕೇರೆಹಾವನ್ನು ಕಂಡು, ಅದು ನಿರ್ವಿಷವೆಂದು ಕಲಿತ ಹುಡುಗನು ನಾಳೆ ಹೊಲದಲ್ಲಿ ದೊಣ್ಣೆ ಎತ್ತದಿದ್ದರೆ, ಆ ಜಾಡಿಯನ್ನು ನಾನು ನಿಂದಿಸಲಾರೆ. ಇರುವುದು ಇರಲಿ, ಉಪಯೋಗವಾಗಲಿ. ಹೊಸದೊಂದನ್ನು ಮನೆಯಲ್ಲಿ ಮಾಡುವ ಅಗತ್ಯವಿಲ್ಲ. ನಿಜವಾದ ಜಿಜ್ಞಾಸುವಿಗೆ ಹಾವು ತಾನೇ ಕಳಚಿ ಬಿಟ್ಟುಹೋದ ಪೊರೆಯುಂಟು. ಬೇಲಿಯಲ್ಲಿ ಅದು ಸಿಕ್ಕಿಕೊಂಡಿದ್ದರೆ, ಇದ್ದಲ್ಲಿಯೇ ನೋಡಿ ಚಿತ್ರ ಬರೆದುಕೊಳ್ಳಲಿ. ಹೊಟ್ಟೆಯ ಅಗಲವಾದ ಹುರುಪೆಗಳನ್ನು ಎಣಿಸಬಹುದು. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಮುಚ್ಚಿದ್ದ ಪಾರದರ್ಶಕ ಪೊರೆಯೂ ಅದರೊಡನೆಯೇ ಕಳಚಿ ಬಂದಿರುತ್ತದೆ.