ಯಾವ ಕಿರೀಟಕ್ಕಾಗಿ ಓಡುವದು?

ಹಳಿಯಾಳ, ಮುಂಡಗೋಡ, ಜೋಯಿಡಾ ಸೀಮೆಯ ಹಳ್ಳಿಗಳಲ್ಲಿ ಮಗನಾಗಲಿ ಮಗಳಾಗಲಿ ಓಟದ ಅಭ್ಯಾಸಕ್ಕೆ ಇಲ್ಲವೆ ಕುಸ್ತಿಯ ಗರಡಿಗೆ ಹೋಗುವೆನೆಂದರೆ, ಇದರಿಂದ ಏನು ದೊರೆಯುವದೆಂದು ಹೆತ್ತವರು ಕೇಳುವದುಂಟು. ಬಡವರ ಮನೆಯಲ್ಲಿ ಇದು ಅಲ್ಪವಾದ ಪ್ರಶ್ನೆಯಲ್ಲ. ಒಂದು ದಿನದ ಕೂಲಿ ತಪ್ಪಿದರೆ ಅದು ಒಲೆಗೆ ತಿಳಿಯುವದು. ಆದರೂ ಪ್ರಿಯ ವಾಚಕರೇ, ಅದರೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ದೊರೆಯುವದಕ್ಕಾಗಿಯೇ ಓಡುವವನು, ಏನೂ ದೊರೆಯದ ದಿನ ಏನು ಮಾಡುವನು?

ಈ ಸೀಮೆಯು ಅದನ್ನು ಕಣ್ಣಾರೆ ಕಂಡಿದೆ. ಸಿದ್ದಿ ಜನರ ಪೂರ್ವಿಕರನ್ನು ಪೋರ್ಚುಗೀಸರೂ ಅರಬ ವರ್ತಕರೂ ಆಫ್ರಿಕಾ ಖಂಡದಿಂದ ದಾಸರನ್ನಾಗಿ ತಂದರು. ಅನೇಕರು ಗೋವೆಯಿಂದ ತಪ್ಪಿಸಿಕೊಂಡು ನಮ್ಮ ಅಡವಿಗಳನ್ನು ಸೇರಿದರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು, ಆಫ್ರಿಕದ ರಕ್ತವುಳ್ಳವರು ಒಲಿಂಪಿಕ್ ಪದಕಗಳನ್ನು ತಂದಾರೆಂದು ನಿರೀಕ್ಷಿಸಿ, ಇವರ ಮಕ್ಕಳನ್ನು ಆರಿಸಿ, ದೂರದ ಊರುಗಳಲ್ಲಿಟ್ಟು ತರಬೇತು ಕೊಟ್ಟಿತು. ಕೆಲವರು ದೇಶದ ಪರವಾಗಿಯೂ ಓಡಿದರು. 1993ರಲ್ಲಿ ಯೋಜನೆಯು ನಿಂತಿತು. ಕೆಲವರಿಗೆ ಉದ್ಯೋಗ ಸಿಕ್ಕಿತು. ಬಹಳ ಮಂದಿ ಹೊಲಕ್ಕೂ ಕೂಲಿಗೂ ಹಿಂದಿರುಗಿದರು. ಅನೇಕ ವರ್ಷಗಳ ಮೇಲೆ ಅಂಥ ತರಬೇತಿಯು ಪುನಃ ಆರಂಭವಾಯಿತು.

ಓಟವು ನಿಮ್ಮ ರಕ್ತದಲ್ಲೇ ಇದೆಯೆಂಬ ಮಾತು ಹೊಗಳಿಕೆಯಂತೆ ಕೇಳಿಸುತ್ತದೆ. ನನಗಾದರೋ ಅದರಲ್ಲಿ ಅನ್ಯಾಯ ಕಾಣುತ್ತದೆ. ಗೆದ್ದರೆ ಮಾನವು ರಕ್ತಕ್ಕೆ, ಸೋತರೆ ಅಪರಾಧವು ಹುಡುಗನಿಗೆ. ನಸುಕಿನ ಚಳಿಯಲ್ಲಿ ಎದ್ದು ಬೆವರು ಸುರಿಸಿದ ಅವನ ಮನಸ್ಸಿಗೆ ಪಾಲೇ ಇಲ್ಲ. ಕುದುರೆಯನ್ನು ಹೀಗೆ ತಳಿ ನೋಡಿ ಕೊಳ್ಳುತ್ತಾರೆ. ಒಂದು ಕಾಲದಲ್ಲಿ ದಾಸರನ್ನೂ ಮೈಕಟ್ಟು ನೋಡಿಯೇ ಕೊಂಡರು.

ಬಹುಮಾನವು ಮನಸ್ಸಿಗೆ ಏನು ಮಾಡುವದೆಂದು ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಅಮೇರಿಕದ ಪಂಡಿತರು ಶೋಧಿಸಿ 1973ರಲ್ಲಿ ಪ್ರಕಟಿಸಿದರು. ಚಿತ್ರ ಬರೆಯುವದರಲ್ಲಿ ಸಂತೋಷಪಡುತ್ತಿದ್ದ ಚಿಕ್ಕ ಮಕ್ಕಳಲ್ಲಿ ಕೆಲವರಿಗೆ ಮುಂಚಿತವಾಗಿ ಬಹುಮಾನದ ಮಾತು ಕೊಟ್ಟು ಬರೆಯಿಸಿದರು. ಕೆಲವು ದಿನಗಳ ಮೇಲೆ ಅವರನ್ನು ಇಷ್ಟದಂತೆ ಬಿಟ್ಟಾಗ, ಆ ಮಕ್ಕಳು ಇತರರಿಗಿಂತ ಬಹು ಕಡಿಮೆ ಬರೆದರು. ನೆನಸದೆ ಬಹುಮಾನ ಹೊಂದಿದವರ ಆಸೆಯಾದರೋ ಕುಂದಲಿಲ್ಲ. ಆದದರಿಂದ ಕೆಡಿಸುವದು ಬಹುಮಾನವಲ್ಲ, ಕರಾರು.

ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 9ನೆಯ ಅಧ್ಯಾಯದಲ್ಲಿ ಓಟಗಾರನನ್ನು ಎತ್ತಿ ಹೇಳಿದ್ದು ಸುಮ್ಮನೆ ಅಲ್ಲ. ಆ ಊರಿನ ಸಮೀಪದಲ್ಲಿ 2 ವರ್ಷಕ್ಕೊಮ್ಮೆ ಪಂದ್ಯಗಳು ನಡೆಯುತ್ತಿದ್ದವು. ಗೆದ್ದವನಿಗೆ ಎಲೆಗಳ ಕಿರೀಟ. ಅಪೊಸ್ತಲನು ಓಟವನ್ನು ಜರೆಯಲಿಲ್ಲ, ಕಿರೀಟವನ್ನು ಮಾತ್ರ ತೂಗಿ ನೋಡಿದನು.

ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ಎಂಬವರು 1924ರ ಪ್ಯಾರಿಸ್ ಒಲಿಂಪಿಕ್‌ನಲ್ಲಿ, ಆದಿತ್ಯವಾರ ಓಡಬೇಕಾಗುವದೆಂದು 100 ಮೀಟರ್ ಓಟವನ್ನು ಬಿಟ್ಟುಕೊಟ್ಟು, 400 ಮೀಟರ್ ಓಟವನ್ನು 47.6 ಸೆಕೆಂಡುಗಳಲ್ಲಿ ಗೆದ್ದರು. ಮರುವರುಷವೇ ಕೀರ್ತಿಯನ್ನು ಹಿಂದೆ ಬಿಟ್ಟು ಮಿಷನರಿಯಾಗಿ ಚೀನಾಕ್ಕೆ ಹೋದರು. ಯುದ್ಧಕಾಲದಲ್ಲಿ ಜಪಾನೀಯರ ಸೆರೆಶಿಬಿರದಲ್ಲಿ, ಪದಕವೂ ಪ್ರೇಕ್ಷಕರೂ ಇಲ್ಲದ ಅಂಗಳದಲ್ಲಿ, ಮಕ್ಕಳಿಗೆ ಆಟ ಕಲಿಸಿದರು. ಒಂದು ಆದಿತ್ಯವಾರ ಮಕ್ಕಳು ತಾವೇ ಹಾಕಿ ಆಡಹೋಗಿ, ನಡುವೆ ತೀರ್ಪುಗಾರನಿಲ್ಲದೆ ಹೊಡೆದಾಡಿಕೊಂಡರು. ಚಿನ್ನಕ್ಕಾಗಿಯೂ ಆ ದಿನವನ್ನು ಕೊಡದಿದ್ದ ಆ ಮನುಷ್ಯರು, ಮುಂದಿನ ಆದಿತ್ಯವಾರ ತೀರ್ಪುಗಾರರಾಗಿ ಮಕ್ಕಳ ನಡುವೆ ನಿಂತರೆಂದು ಅಲ್ಲಿದ್ದವರು ನೆನಪಿಸಿಕೊಂಡಿದ್ದಾರೆ. 1945ರ ಫೆಬ್ರವರಿಯಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡರು.