ಪರದೇಶದ ಮನೆಯೂ ಪರಿಗ್ರಹ ಪರಿಮಾಣ ವ್ರತವೂ

ಮುನಿಗಳಿಗೆ ಅನಗಾರರೆಂದೂ ಗೃಹಸ್ಥನಿಗೆ ಸಾಗಾರನೆಂದೂ ಶಾಸ್ತ್ರಗಳಲ್ಲಿ ಹೆಸರು. ಅಗಾರವೆಂದರೆ ಮನೆ. ಮನೆಯುಳ್ಳವನೆಂಬುದೇ ಶ್ರಾವಕನ ಹೆಸರಾಗಿರುವಾಗ, ಮನೆ ಮಾಡಿಕೊಂಡ ಮಾತ್ರಕ್ಕೆ ಅವನಿಗೆ ದೋಷವು ತಗಲುವುದಿಲ್ಲ. ಅಳತೆಯಿಲ್ಲದೆ ಮಾಡಿಕೊಂಡರೆ ತಗಲುತ್ತದೆ. ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣವು ಹೇಳುವುದು ಈ ಅಳತೆಯನ್ನೇ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಹೊಲ ಮನೆಗಳನ್ನು ಮೊದಲು ಹೇಳಿ, ಬೆಳ್ಳಿ ಬಂಗಾರಗಳನ್ನು ಅನಂತರ ಹೇಳಿರುವುದು ವಿಚಾರಾರ್ಹವಾಗಿದೆ.

ಅಫಜಲಪುರ ತಾಲ್ಲೂಕಿನ ಅತನೂರಿನಲ್ಲಿ ಹುಟ್ಟಿ, ಓದಿ, ಉದ್ಯೋಗಕ್ಕೆಂದು ಕಡಲಾಚೆಗೆ ಹೋದ ಶ್ರಾವಕನೊಬ್ಬನನ್ನು ಭಾವಿಸಿಕೊಳ್ಳಬಹುದು. ಹೆಂಡತಿ ಮಕ್ಕಳೊಡನೆ ಹಲವು ವರ್ಷ ಬಾಡಿಗೆಯ ಮನೆಯಲ್ಲಿದ್ದು, ಈಗ ಅಲ್ಲಿ ಒಂದು ಸಣ್ಣ ಸ್ವಂತ ಮನೆಯನ್ನು ಕೊಳ್ಳಬಯಸುತ್ತಾನೆ. ಇದು ಧರ್ಮಕ್ಕೆ ವಿರುದ್ಧವೇ? ಅಲ್ಲ. ಆದರೆ ಕೊಳ್ಳುವ ಮೊದಲು ಅವನು ನಾಲ್ಕು ವಿಷಯಗಳನ್ನು ವಿಚಾರಿಸತಕ್ಕದ್ದು.

ಮೊದಲನೆಯದು, ಅಳತೆಯನ್ನು ಗೊತ್ತುಮಾಡುವವರು ಯಾರು ಎಂಬುದು. ಅಮೆರಿಕದಲ್ಲಿ ಮೂವತ್ತು ವರ್ಷಗಳ ಗೃಹಸಾಲವು ಸರ್ವೇಸಾಮಾನ್ಯ. ಸಾಲ ಕೊಡುವವನು ವರಮಾನವನ್ನು ನೋಡಿ, ಇಷ್ಟರವರೆಗೆ ಕೊಡಬಹುದೆಂದು ಲೆಕ್ಕ ಹಾಕುತ್ತಾನೆ. ಇವನು ತೀರಿಸಬಲ್ಲನೇ ಎಂಬುದಷ್ಟೇ ಅವನ ಪ್ರಶ್ನೆ. ಇವನಿಗೆ ಇಷ್ಟು ಬೇಕೇ ಎಂಬುದು ಅವನ ಪ್ರಶ್ನೆಯಲ್ಲ. ಆ ಪ್ರಶ್ನೆಯನ್ನು ಕೇಳುವುದು ವ್ರತ ಮಾತ್ರ. 2008ರ ಸುಮಾರಿಗೆ ಆ ದೇಶದಲ್ಲಿ ಶಕ್ತಿಮೀರಿ ಸಾಲ ಮಾಡಿದ ಲಕ್ಷಾಂತರ ಕುಟುಂಬಗಳು ಮನೆಗಳನ್ನೇ ಕಳೆದುಕೊಂಡವು. ಉಪವಾಸ ಮಾಡುವವನು ಎಲೆಯ ಮುಂದೆ ಕುಳಿತು, ಬಡಿಸಿದ ಮೇಲೆ ಪ್ರತ್ಯಾಖ್ಯಾನವನ್ನು ಯೋಚಿಸುವುದಿಲ್ಲ. ಮೊದಲೇ ಸಂಕಲ್ಪ ಮಾಡಿರುತ್ತಾನೆ. ಹಾಗೆಯೇ ಎಷ್ಟು ಕೋಣೆ, ಎಷ್ಟು ಹಣ, ಎಷ್ಟು ವರ್ಷದ ಸಾಲ ಎಂಬುದನ್ನು ಒಂದು ಮನೆಯನ್ನೂ ನೋಡುವ ಮೊದಲೇ ನಿಶ್ಚಯಿಸಬೇಕು. ನೋಡಿದ ಮೇಲೆ ಅಳತೆಯು ಕಣ್ಣಿನ ವಶವಾಗುತ್ತದೆ.

ಎರಡನೆಯದು, ಕೊಂಡ ಮನೆಯು ಉಳಿದ ವ್ರತಗಳಿಗೆ ಆಸರೆಯಾಗುವುದೋ ಅಡ್ಡಿಯಾಗುವುದೋ ಎಂಬುದು. ಅತನೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಸುಮಾರು ಹನ್ನೊಂದು ಗಂಟೆಗಳಷ್ಟಿರುತ್ತದೆ. ಲಂಡನ್ನಿನಲ್ಲಿ ಡಿಸೆಂಬರ್ ಮಧ್ಯದ ಹಗಲು ಎಂಟು ಗಂಟೆಗೂ ಕಡಿಮೆ. ಮಧ್ಯಾಹ್ನ ನಾಲ್ಕು ಗಂಟೆಯೊಳಗೇ ಸೂರ್ಯಾಸ್ತವಾಗುತ್ತದೆ. ರಾತ್ರಿಭೋಜನ ತ್ಯಾಗವನ್ನು ಪಾಲಿಸುವವರು ಆ ದಿನಗಳಲ್ಲಿ ಬುತ್ತಿಯನ್ನು ಕೆಲಸದ ಸ್ಥಳಕ್ಕೇ ಒಯ್ಯಬೇಕಾಗುತ್ತದೆ. ಆದರೆ ಹಗಲು ಬೆಳೆಯುವ ತಿಂಗಳುಗಳಲ್ಲಿ ಹತ್ತಿರದ ಮನೆಯವನು ಹೊತ್ತಿರುವಾಗಲೇ ಬಂದು ಮಕ್ಕಳೊಡನೆ ಉಣ್ಣಬಲ್ಲನು. ಅಗ್ಗಕ್ಕೆ ದೊರೆಯಿತೆಂದು ಎರಡು ಗಂಟೆ ಪ್ರಯಾಣದ ದೂರದಲ್ಲಿ ದೊಡ್ಡ ಮನೆಯನ್ನು ಕೊಂಡವನಿಗೆ ಅದು ಸಾಧ್ಯವಿಲ್ಲ. ಅವನಿಗೆ ಎರಡು ಕೋಣೆಗಳು ಹೆಚ್ಚಾದವು, ಒಂದು ವ್ರತ ಕಡಿಮೆಯಾಯಿತು. ಲೆಕ್ಕ ಬಲ್ಲವರು ಇದನ್ನು ಲಾಭವೆಂದು ಎಣಿಸಲಾರರು.

ಮೂರನೆಯದು, ಆ ದೇಶದ ಶಾಸನ. ವಿರುದ್ಧ ರಾಜ್ಯಾತಿಕ್ರಮವು ಅಚೌರ್ಯ ವ್ರತದ ಅತಿಚಾರಗಳಲ್ಲೊಂದು. ಕೆನಡಾ ದೇಶವು 2023ರ ಜನವರಿ 1ರಿಂದ ಪರದೇಶೀಯರು ವಾಸದ ಮನೆಗಳನ್ನು ಕೊಳ್ಳುವುದನ್ನು, ಕೆಲವು ವಿನಾಯಿತಿಗಳನ್ನಿಟ್ಟು, ನಿಷೇಧಿಸಿತು. ಆಸ್ಟ್ರೇಲಿಯವು 2025ರ ಏಪ್ರಿಲ್ 1ರಿಂದ ಎರಡು ವರ್ಷಗಳ ಅವಧಿಗೆ, ತಾತ್ಕಾಲಿಕ ನಿವಾಸಿಗಳೂ ಸೇರಿದಂತೆ ಪರದೇಶೀಯರು ಹಳೆಯ ಮನೆಗಳನ್ನು ಕೊಳ್ಳದಂತೆ ತಡೆಯಿತು. ಅಲ್ಲಿನ ಮಕ್ಕಳಿಗೂ ಮನೆ ಸಿಗಲಿ ಎಂಬುದು ಇಂತಹ ನಿಯಮಗಳ ಆಶಯ. ಪರಿಚಿತನ ಹೆಸರಿನಲ್ಲಿ ಕೊಂಡು ಶಾಸನವನ್ನು ದಾಟುವ ಶ್ರಾವಕನು ಬಾಗಿಲಿಲ್ಲದ ಮನೆಯೊಳಕ್ಕೆ ಕನ್ನ ಕೊರೆದು ಹೊಕ್ಕಂತೆ. ಅವನು ಬಾಡಿಗೆಯ ಮನೆಯಲ್ಲಿಯೇ ಕಾಯುವುದು ಲೇಸು.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದುದು. ಅದು ಊರಿನ ಮನೆ. ಒಂದೇ ಮನೆಯೆಂದು ಪರಿಮಾಣ ಮಾಡಿದವನಿಗೆ ಅತನೂರಿನಲ್ಲಿ ತಂದೆಯ ಮನೆಯಲ್ಲಿ ಪಾಲಿದ್ದರೆ ಏನು ಗತಿ? ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿದ್ದಾರೆ: ನಡುವಿನ ಗೋಡೆಯನ್ನು ತೆಗೆದು ಎರಡು ಮನೆಗಳನ್ನು ಕೂಡಿಸಿ, ಸಂಖ್ಯೆ ಒಂದೇ ಆಯಿತೆಂದು ಸಮಾಧಾನ ಪಡುವುದೂ ಅತಿಚಾರವೇ. ಹೊಸ ಮನೆಯನ್ನು ಹೆಂಡತಿಯ ಹೆಸರಿಗೂ ಹಳೆಯದನ್ನು ತಮ್ಮನ ಹೆಸರಿಗೂ ಬರೆದಿಟ್ಟು, ಮನಸ್ಸಿನಲ್ಲಿ ಎರಡನ್ನೂ ಆಳುವುದು ಇದೇ ಜಾತಿಯ ವಂಚನೆ. ಮೋಸ ಹೋಗುವವನು ಬೇರೆ ಯಾರೂ ಅಲ್ಲ, ವ್ರತ ಹಿಡಿದವನೇ. ಬಿಡುವುದಾದರೆ ಹಕ್ಕು ಬಿಡುಗಡೆಯ ಪತ್ರವನ್ನು ನೋಂದಾಯಿಸಿ, ಬಾಯಲ್ಲಿಯೂ ಮನಸ್ಸಿನಲ್ಲಿಯೂ ಬಿಡಬೇಕು. ಮಾರಿ ಆ ಹಣದಿಂದ ಪರದೇಶದ ಮನೆಗೆ ಮುಂಗಡ ಕಟ್ಟುವುದಾದರೆ, ಮೊದಲು ಸಹೋದರಿಯರನ್ನು ಕೇಳಬೇಕು. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಿಗೂ ಸಮಾನ ಹಕ್ಕನ್ನು ಕೊಟ್ಟಿದೆ. ಅವಳ ಪಾಲನ್ನು ಮರೆಯುವುದು ಅದತ್ತಾದಾನ, ಎಂದರೆ ಕೊಡದುದನ್ನು ತೆಗೆದುಕೊಳ್ಳುವುದು. ಆ ಹಳೆಯ ಮನೆಯಲ್ಲಿ ವೃದ್ಧ ತಾಯಿತಂದೆಗಳು ಇನ್ನೂ ವಾಸವಾಗಿದ್ದರೆ ಮಾರಾಟದ ಮಾತೇ ಸಲ್ಲದು. ಒಬ್ಬರ ಸೂರನ್ನು ಕಿತ್ತು ಇನ್ನೊಬ್ಬರಿಗೆ ಸೂರು ಹೊದಿಸುವುದು ಪರಿಮಾಣವೂ ಅಲ್ಲ, ಅಹಿಂಸೆಯೂ ಅಲ್ಲ.

ಅತನೂರು ಇರುವ ಕಲಬುರಗಿ ಜಿಲ್ಲೆಯಲ್ಲಿಯೇ, ಕಾಗಿಣಾ ನದಿಯ ದಡದ ಮೇಲೆ ಮಳಖೇಡವಿದೆ. ಒಂಬತ್ತನೆಯ ಶತಮಾನದಲ್ಲಿ ಅದು ಮಾನ್ಯಖೇಟ. ರಾಷ್ಟ್ರಕೂಟ ಅಮೋಘವರ್ಷನ ರಾಜಧಾನಿ. ಅರವತ್ತಕ್ಕೂ ಹೆಚ್ಚು ವರ್ಷ ಆಳಿದ ಆ ಅರಸನು ಕೊನೆಗೆ ವಿವೇಕದಿಂದ ರಾಜ್ಯವನ್ನು ತ್ಯಜಿಸಿದನೆಂದು ಜೈನ ಪರಂಪರೆಯು ನೆನೆಯುತ್ತದೆ. ಅವನ ಅರಮನೆ ಇಂದು ಉಳಿದಿಲ್ಲ. ತ್ಯಾಗದ ಕೀರ್ತಿ ಉಳಿದಿದೆ.

ಅರಸನಷ್ಟು ಬಿಡಬೇಕೆಂದು ಗೃಹಸ್ಥನಿಗೆ ಯಾರೂ ವಿಧಿಸಿಲ್ಲ. ಬರುವ ಚತುರ್ದಶಿಯ ಉಪವಾಸದ ದಿನ ಗಂಡ ಹೆಂಡಿರು ಕೂಡಿ ಕುಳಿತು, ಬೇಕಾದ ಮನೆಯ ಅಳತೆಯನ್ನು ಕಾಗದದ ಮೇಲೆ ಬರೆದು, ದೇವರ ಮುಂದಿಟ್ಟು ನಿಯಮ ಹಿಡಿಯಲಿ. ಆ ಅಳತೆಯೊಳಗಿನ ಮನೆ ಯಾವ ದೇಶದಲ್ಲಿ ದೊರೆತರೂ ಅದು ಸಾಗಾರನ ಮನೆಯೇ. ಉಪವಾಸವು ನಾಲಿಗೆಗೆ ಸಾಕೆನ್ನುವುದನ್ನು ಕಲಿಸುತ್ತದೆ. ಪರಿಮಾಣವು ಅದೇ ಮಾತನ್ನು ಮನೆಯ ಗೋಡೆಗಳಿಗೆ ಕಲಿಸುತ್ತದೆ.